50 ಹರ್ಟ್ಸ್‌ಗೆ ಶ್ರುತಿ ಕೂಡಿಸಿದ ಡ್ರೋನ್ ಡಬ್ಬ

ಬೇಕಾಗಿದ್ದು ಒಂದು ಸಿ-60 ಕ್ಯಾಸೆಟ್ಟು. ಒಂದೊಂದು ಮಗ್ಗಲಿಗೆ ಮೂವತ್ತು ನಿಮಿಷ. ಎರಡೂ ಕಡೆ ಒಂದೇ ಸ್ವರದ ಸುತ್ತ ನಿಧಾನಕ್ಕೆ ಸುತ್ತುವ, ದೀಪ ಆರಿಸಿಕೊಂಡು ಕೇಳುವಂಥ ಡ್ರೋನ್, ಅಂದರೆ ತಂಬೂರಿಯ ಹಾಗೆ ಬಿಡದೆ ಮೊಳಗುವ ಸದ್ದು (ಹಾರುವ ಡ್ರೋನ್ ಅಲ್ಲ). ತಾಳ ಇಲ್ಲ, ಮಾತಿಲ್ಲ, ರಾಗ ಇಲ್ಲ. ಕಂಪ್ಯೂಟರ್ ಮಧ್ಯೆ ಎಲ್ಲೂ ಬರಬಾರದು. ಸದ್ದು ಹುಟ್ಟುವಲ್ಲಿಂದ ಟೇಪಿಗೆ ಇಳಿಯುವ ತನಕ ಎಲ್ಲಾ ಅನಲಾಗ್. ಅದಕ್ಕಾಗಿ ಕಟ್ಟಿದ ಡಬ್ಬದ ಕಥೆ ಇದು. ಜೊತೆಗೆ ಅದನ್ನು ರೆಕಾರ್ಡ್ ಮಾಡೋಕೆ ರಿಪೇರಿ ಮಾಡಿದ ಹಳೇ ಕ್ಯಾಸೆಟ್ ಡೆಕ್‌ನ ಕಥೆಯೂ ಸೇರಿಕೊಂಡಿದೆ.

ಇಂಥ ಡಬ್ಬಕ್ಕೆ ಎಲ್ಲರೂ ಹಿಡಿಯುವ ಚಿಪ್ಪು ಸಿಡಿ40106. ಹದಿನಾಲ್ಕು ಕಾಲು, ಒಳಗೆ ಆರು ಶ್ಮಿಟ್ ಟ್ರಿಗರ್ ಇನ್ವರ್ಟರ್, ಅಂದರೆ ಒಳಗೆ ಬರುವ ವೋಲ್ಟೇಜ್ ಒಂದು ಮಿತಿ ದಾಟಿದರೆ ಹೊರಗೆ ಉಲ್ಟಾ ಮಾಡುವ ಗೇಟ್‌ಗಳು. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿದರೆ ಒಂದು ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್, ರೆಡಿ. ಡಿಜಿಟಲ್ ಕೆಲಸದ ಲಾಜಿಕ್ ಚಿಪ್ ಹಾಕಿ ಅನಲಾಗ್ ಅಂತೀಯಲ್ಲ ಅಂತ ಯಾರಾದರೂ ಕಾಲೆಳೆಯಬಹುದು. ಕೆಪಾಸಿಟರ್ ತುಂಬಿ ಖಾಲಿಯಾಗುವ ವೇಗವೇ ಇಲ್ಲಿ ಸ್ವರ. ನನಗೆ ಅಷ್ಟು ಸಾಕು.

ಸರ್ಕ್ಯೂಟಿಗೆ ಹೋಗೋ ಮುಂಚೆ ಒಂದು ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನ ಎಲ್ಲಾ ನಿರ್ಧಾರ ಅದರಿಂದಲೇ ಬಂದದ್ದು. ಡ್ರೋನ್ ಕತ್ತಲಾಗಿ, ಮಂಪರು ಹಿಡಿಸುವ ಹಾಗೆ ಕೇಳಿಸೋದು ಬೇಸ್ ಜಾಸ್ತಿ ಇದೆ ಅಂತಲ್ಲ. ಹೆಚ್ಚುಕಮ್ಮಿ ಒಂದೇ ಸ್ವರದ ಎರಡು ದನಿಗಳು ಒಂದರ ಮೇಲೊಂದು ಬಿದ್ದಾಗ ಹುಟ್ಟುವ ಬೀಟ್‌ನಿಂದ. 100 ಹರ್ಟ್ಸ್ ಒಂದು, 100.2 ಹರ್ಟ್ಸ್ ಇನ್ನೊಂದು ಅಂತಿಟ್ಟುಕೊಳ್ಳಿ. ವ್ಯತ್ಯಾಸ 0.2. ಅಂದರೆ ಐದು ಸೆಕೆಂಡಿಗೊಮ್ಮೆ ಸದ್ದು ಏಳುತ್ತೆ, ಬೀಳುತ್ತೆ.

ಆದರೆ 40106 ಕೊಡುವುದು ಚೌಕಾಕಾರದ ಅಲೆ. ಅದರಲ್ಲಿ ಮೂಲ ಸ್ವರದ ಜೊತೆ ಅದರ 3, 5, 7 ಪಟ್ಟಿನ ದನಿಗಳೂ ಇರುತ್ತವೆ. 300 ಮತ್ತು 300.6 ಸೇರಿ ಸೆಕೆಂಡಿಗೆ 0.6 ಬೀಟ್. 500 ಮತ್ತು 501 ಸೇರಿ ಸೆಕೆಂಡಿಗೆ ಒಂದು. 700ರ ಜೋಡಿಗೆ 1.4. ಅಂದರೆ ಒಂದೇ ಜೋಡಿ ಆಸಿಲೇಟರ್ ಒಳಗೆ ಮೇಲೆ ಹೋದ ಹಾಗೆ ಚುರುಕಾಗುವ ಹಲವು ಉಸಿರು ಒಟ್ಟಿಗೆ ನಡೀತಿರುತ್ತವೆ. ಈಗ ಲೋ-ಪಾಸ್ ಫಿಲ್ಟರ್ (ಮೇಲಿನ ದನಿಗಳನ್ನು ತಡೆದು ಕೆಳಗಿನವನ್ನು ಬಿಡುವ ಸರ್ಕ್ಯೂಟ್) ಮುಚ್ಚುತ್ತಾ ಬನ್ನಿ. ಸದ್ದು ಮಂಕಾಗುತ್ತೆ, ಸರಿ. ಅದರ ಜೊತೆಗೆ ಚುರುಕಾದ ಬೀಟ್‌ಗಳು ಒಂದೊಂದಾಗಿ ಕಳಚಿ, ಕೊನೆಗೆ ಐದು ಸೆಕೆಂಡಿನ ಆ ದೊಡ್ಡ ಉಸಿರು ಒಂದೇ ಉಳಿಯುತ್ತೆ. ಕಾಲವೇ ನಿಧಾನ ಆದ ಹಾಗೆ ಅನ್ನಿಸುತ್ತೆ. ಫಿಲ್ಟರ್ ತೆರೆದರೆ ಉಲ್ಟಾ. ಅಂದರೆ ಫಿಲ್ಟರ್ ಇಲ್ಲಿ ಬಣ್ಣದ ನಾಬ್ ಅಲ್ಲ, ವೇಗದ ನಾಬ್. ತಂಬೂರಿ ಕುದುರೆ ಮೇಲೆ ತಂತಿಯಡಿ ಜೀವಾಳದ ದಾರ ಸರಿಸಿ ನೋಡಿದವರಿಗೆ ಇದು ಹೊಸದಲ್ಲ. ದಾರ ಸರಿಯಾದ ಜಾಗಕ್ಕೆ ಬಂದ ಕ್ಷಣ ಮೇಲಿನ ಸ್ವರಗಳೆಲ್ಲ ಎದ್ದು ಓಡಾಡೋಕೆ ಶುರುಮಾಡುತ್ತವೆ.

ಹಾಗಾಗಿ ನನಗೆ ಬೇಕಿದ್ದದ್ದು ಎರಡೇ. ಒಂದು, 0.1 ಹರ್ಟ್ಸ್ ಆಚೀಚೆ ಮಾಡಬಲ್ಲ ನಾಬ್. ಎರಡು, ತೀರಾ ನಿಧಾನಕ್ಕೆ ಚಲಿಸುವ ಫಿಲ್ಟರ್.

ಒಂದು ಚಿಪ್ಪಿನ ಜಗಳ

ಹುಡುಕಿದರೆ ಸಿಗುವ ಬಹುತೇಕ ಸರ್ಕ್ಯೂಟ್ ನಕ್ಷೆಗಳಲ್ಲಿ ಆರೂ ಆಸಿಲೇಟರ್ ಒಂದೇ ಚಿಪ್ಪಿನಲ್ಲಿ ಇರುತ್ತವೆ. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಜೋಡಿಸಿ ನೋಡುವ ಹಲಗೆ) ಮೇಲೆ ನಾನೂ ಮೊದಲು ಹಾಗೇ ಜೋಡಿಸಿ ಕೇಳಿದೆ. ಎರಡು ಆಸಿಲೇಟರ್‌ಗಳನ್ನು ಹತ್ತಿರ ತರುತ್ತಾ ಹೋದರೆ ಬೀಟ್ ನಿಧಾನ ಆಗುತ್ತಾ ಬರುತ್ತೆ. ಸೆಕೆಂಡಿಗೆ ಮೂರು, ಎರಡು, ಒಂದು... ಆಮೇಲೆ ಟಕ್ ಅಂತ ಎರಡೂ ಅಂಟಿಕೊಂಡು ಬಿಡುತ್ತವೆ. ಚಪ್ಪಟೆ, ಜೀವ ಇಲ್ಲದ ಒಂದೇ ಸದ್ದು. ನಾಬ್ ಇನ್ನೂ ತಿರುಗಿಸಿದರೂ ಬಿಡುವುದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಜಿಗಿದು ಬೇರೆಯಾಗುತ್ತವೆ. ನನಗೆ ಬೇಕಾದ ಐದು ಸೆಕೆಂಡಿನ ಬೀಟ್ ಸರಿಯಾಗಿ ಆ ಅಂಟಿನ ಒಳಗೇ ಇದೆ!

ಕಾರಣ ಸಪ್ಲೈ. ಒಂದು ಗೇಟ್ ಸ್ವಿಚ್ ಆದಾಗ ಚಿಪ್ಪಿನ ಒಳಗಿನ ಸಪ್ಲೈ ಒಂಚೂರು ಕುಸಿಯುತ್ತೆ. ಆ ಹೊತ್ತಿಗೆ ಪಕ್ಕದ ಗೇಟ್ ತನ್ನ ಮಿತಿಯ ಅಂಚಿನಲ್ಲಿ ನಿಂತಿದ್ದರೆ, ಈ ಸಣ್ಣ ತಳ್ಳುವಿಕೆಗೆ ಅದೂ ಬಿದ್ದುಬಿಡುತ್ತೆ. ಪ್ರತಿ ಸುತ್ತಿನಲ್ಲೂ ಹೀಗೇ ಆದರೆ ಎರಡೂ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯೋಕೆ ಶುರುಮಾಡುತ್ತವೆ. ಮಲ್ಟಿಮೀಟರ್‌ನಲ್ಲಿ ಇದು ಕಾಣಲ್ಲ. ಆಸಿಲೋಸ್ಕೋಪ್ (ಅಲೆಯನ್ನು ಪರದೆ ಮೇಲೆ ತೋರಿಸುವ ಯಂತ್ರ) ಹಿಡಿದು ಸಪ್ಲೈ ಬರುವ 14ನೇ ಕಾಲು ನೋಡಿದರೆ ಸಣ್ಣ ಸಣ್ಣ ಮುಳ್ಳು ಕಾಣುತ್ತವೆ.

ಪರಿಹಾರ ಸ್ವಲ್ಪ ದುಂದು. ಒಂದು ಚಿಪ್ಪಿಗೆ ಒಂದೇ ಆಸಿಲೇಟರ್. ಐದು ದನಿಗೆ ಐದು ಚಿಪ್ಪು. ಪ್ರತಿ ಚಿಪ್ಪಿಗೂ ಮುಖ್ಯ ಸಪ್ಲೈಯಿಂದ 100 ಓಮ್ ರೆಸಿಸ್ಟರ್ ಮೂಲಕ ಕರೆಂಟು. ಚಿಪ್ಪಿನ ಬುಡದಲ್ಲೇ 14ರಿಂದ 7ಕ್ಕೆ 100 ಮೈಕ್ರೋಫ್ಯಾರಡ್ ಒಂದು, 0.1 ಒಂದು. 40106 ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ ಮಾಲು, ಹಾಗಾಗಿ ಆರು ಗೇಟಿನಲ್ಲಿ ನಾಲ್ಕು ಸುಮ್ನೆ ಕೂತರೂ ಹೊಟ್ಟೆ ಉರಿಯಲಿಲ್ಲ.

ಒಂದು ಚಿಪ್ಪಿನ ವೈರಿಂಗ್ ಹೀಗೆ. 1ನೇ ಕಾಲಿನಿಂದ ನೆಲಕ್ಕೆ (ಗ್ರೌಂಡ್‌ಗೆ, ಅಂದರೆ 7ನೇ ಕಾಲಿಗೆ) ಕೆಪಾಸಿಟರ್. 2ರಿಂದ 1ಕ್ಕೆ ರೆಸಿಸ್ಟರ್ ಸಾಲು. 2ನ್ನೇ 3ಕ್ಕೆ ಕೊಟ್ಟು 4ರಿಂದ ಔಟ್‌ಪುಟ್ ತೆಗೆದೆ. ಹೀಗೆ ಎರಡನೇ ಗೇಟ್ ಬಫರ್ ಆಗಿ ನಿಂತರೆ ಆಚೆ ವಾಲ್ಯೂಮ್ ತಿರುಗಿಸಿದಾಗ ಸ್ವರ ಅಲುಗಾಡಲ್ಲ. ಉಳಿದ ಇನ್‌ಪುಟ್ ಕಾಲುಗಳು, ಅಂದರೆ 5, 9, 11, 13, ನಾಲ್ಕನ್ನೂ ನೆಲಕ್ಕೆ ಕಟ್ಟಲೇಬೇಕು. ಗಾಳಿಯಲ್ಲಿ ಬಿಟ್ಟರೆ ಇಂಥ ಸಿಮೋಸ್ ಚಿಪ್ಪಿನ ಗೇಟ್‌ಗಳು ತಮ್ಮಿಷ್ಟಕ್ಕೆ ಕುಣಿದು ಸಪ್ಲೈ ಕೆಡಿಸುತ್ತವೆ. ಇಷ್ಟೆಲ್ಲಾ ಮಾಡಿದ್ದು ಅದನ್ನು ತಪ್ಪಿಸೋಕೇ ಅಲ್ವಾ.

ಇದೆಲ್ಲ ಆದಮೇಲೆ, ಜೀರೋ ಪಿಸಿಬಿ (ಬರೀ ತೂತುಗಳಿರುವ ಖಾಲಿ ಬೋರ್ಡ್) ಮೇಲೆ ಚಿಪ್ಪುಗಳನ್ನು ದೂರ ದೂರ ಕೂರಿಸಿ, ಪ್ರತಿಯೊಂದರ ನೆಲದ ತಂತಿಯನ್ನು ಬೇರೆ ಬೇರೆಯಾಗಿ ಎಳೆದು ಒಂದೇ ಜಾಗದಲ್ಲಿ ಸೇರಿಸಿದೆ. ಹತ್ತು ಸೆಕೆಂಡಿಗೊಂದು ಬೀಟ್ ಕೂಡ ಅಂಟದೆ ನಿಲ್ಲುತ್ತೆ.

ಸ್ವರ ಇಡುವುದು

40106 ಆಸಿಲೇಟರ್‌ನ ಆವರ್ತನ ಸುಮಾರಾಗಿ 1.2 ಅನ್ನು ರೆಸಿಸ್ಟರ್ ಗುಣಿಸು ಕೆಪಾಸಿಟರ್‌ನಿಂದ ಭಾಗಿಸಿದಷ್ಟು. ಈ 1.2 ಅನ್ನೋದು ಕಂಪನಿಯಿಂದ ಕಂಪನಿಗೆ, ವೋಲ್ಟೇಜಿನಿಂದ ವೋಲ್ಟೇಜಿಗೆ ಬದಲಾಗುತ್ತೆ. ಹಾಗಾಗಿ ಲೆಕ್ಕ ಹತ್ತಿರಕ್ಕೆ ತಂದು ಬಿಡುತ್ತೆ, ಉಳಿದದ್ದು ಕಿವಿಯ ಕೆಲಸ. 0.1 ಮೈಕ್ರೋಫ್ಯಾರಡ್ ಹಾಕಿದರೆ 100 ಹರ್ಟ್ಸ್‌ಗೆ ಸುಮಾರು 120 ಕಿಲೋ ಓಮ್ ಬೇಕು.

ಈ 120 ಕಿಲೋ ಓಮ್‌ನಲ್ಲಿ 0.2 ಹರ್ಟ್ಸ್ ಅಂದರೆ ಬರೀ 240 ಓಮ್. 100 ಕೆ (ಕಿಲೋ ಓಮ್) ಪಾಟ್, ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರ್, ಒಂದನ್ನು ಮುಚ್ಚಳದ ಮೇಲೆ ಇಟ್ಟರೆ ಒಂದು ಡಿಗ್ರಿ ತಿರುಗಿಸಿದರೂ ಇದಕ್ಕಿಂತ ಜಾಸ್ತಿ ಹಾರುತ್ತೆ. ಅದಕ್ಕೇ ಸಾಲಿನಲ್ಲಿ ಮೂರು ಹಾಕಿದೆ: 47 ಕೆ ಫಿಕ್ಸೆಡ್, 100 ಕೆ ನೀಲಿ ಮಲ್ಟಿಟರ್ನ್ ಟ್ರಿಮ್‌ಪಾಟ್, ಮತ್ತು 1 ಕೆ ಲೀನಿಯರ್ ಪಾಟ್. ಟ್ರಿಮ್‌ಪಾಟ್ 25 ಸುತ್ತಿನದು, ಡಬ್ಬದ ಒಳಗೇ ಇರುತ್ತೆ. ಸ್ಕ್ರೂಡ್ರೈವರ್‌ನಲ್ಲಿ ಒಮ್ಮೆ ಇಟ್ಟು ಮುಚ್ಚಳ ಹಾಕುವುದು. ಮೇಲೆ ಕೈಗೆ ಸಿಗುವುದು 1 ಕೆ ಪಾಟ್ ಮಾತ್ರ. ಅದರ ಪೂರ್ತಿ ತಿರುವಿಗೆ ಸ್ವರ ಸರಿಯುವುದು ಸುಮಾರು 0.8 ಹರ್ಟ್ಸ್. ಕಾಲು ತಿರುವಿಗೆ 0.2.

ಅಂದರೆ ಈ ಡಬ್ಬದಲ್ಲಿ ಹಾಡು ನುಡಿಸೋಕೆ ಆಗಲ್ಲ. ಬೇಕಂತಲೇ. ಇದರಲ್ಲಿ ನನಗೆ ಧೈರ್ಯ ಕೊಟ್ಟವರು ಫ್ರಾನ್ಸಿನ ಸಂಗೀತ ಸಂಯೋಜಕಿ ಎಲಿಯಾನ್ ರಾಡಿಗ್. 1970ರ ದಶಕದ ಆರಂಭದಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ಎಆರ್‌ಪಿ 2500 ಸಿಂಥಸೈಜರ್ ಕೊಂಡರು. ಪ್ಯಾರಿಸ್‌ಗೆ ಸಾಗಿಸುವಾಗ ಕೀಬೋರ್ಡನ್ನು ಅಲ್ಲೇ ಬಿಟ್ಟುಬಂದರು. ಕೀಬೋರ್ಡ್ ಕೈಗೆ ಸಿಕ್ಕರೆ ನುಡಿಸುವ ಆಸೆ ಹುಟ್ಟುತ್ತೆ ಅಂತ. ಆಮೇಲೆ ದಶಕಗಳ ಕಾಲ ಅದೇ ಯಂತ್ರದಲ್ಲಿ, ನಾಬ್‌ಗಳನ್ನು ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ಸರಿಸುತ್ತಾ, ಟೇಪಿಗೆ ಇಳಿಸುತ್ತಾ ಕೆಲಸ ಮಾಡಿದರು. ನನ್ನ ಡಬ್ಬ ಅವರ ಯಂತ್ರದ ಕಾಲ ಧೂಳಿಗೂ ಸಮ ಅಲ್ಲ. ಆದರೆ ಕೀಬೋರ್ಡ್ ಬಿಟ್ಟು ಬರುವುದು ನಮ್ಮ ಕೈಯಲ್ಲೂ ಆಗುತ್ತೆ.

ಕೆಪಾಸಿಟರ್ ವಿಷಯದಲ್ಲಿ ಜಿಪುಣತನ ಬೇಡ. ಅಂಗಡಿಯವರು ಸಾಮಾನ್ಯವಾಗಿ ಮೊದಲು ಕೊಡೋದು ಹಳದಿ ಬಿಲ್ಲೆ ಸೆರಾಮಿಕ್. ವೈ5ವಿ ದರ್ಜೆಯ ಸೆರಾಮಿಕ್ ಆದರೆ ಬಿಸಿ-ಚಳಿಗೆ ಅದರ ಕೆಪಾಸಿಟೆನ್ಸ್ ಶೇ. 82ರಷ್ಟು ಇಳಿಯೋಕೂ ನಿಯಮದಲ್ಲೇ ಅವಕಾಶ ಇದೆ! ನಮಗೆ ಶೇ. 0.2 ಲೆಕ್ಕ. ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ಕೇಳಿ ತಗೊಳ್ಳಿ, ಒಂದೇ ಅಳತೆಯವನ್ನೆಲ್ಲ ಒಂದೇ ಪಟ್ಟಿಯಿಂದ ಕತ್ತರಿಸಿಕೊಡಿ ಅನ್ನಿ. ಅವೂ ಬಿಸಿಗೆ ಜಾರುತ್ತವೆ. ಆದರೆ ಒಟ್ಟಿಗೆ ಜಾರುತ್ತವೆ, ಹಾಗಾಗಿ ನಡುವಿನ ವ್ಯತ್ಯಾಸ ಉಳಿಯುತ್ತೆ. ಅಷ್ಟಾದರೂ ಡಬ್ಬ ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಆಮೇಲೆ ಶ್ರುತಿ ಮಾಡುವುದು ವಾಸಿ.

ಸಪ್ಲೈ 12 ವೋಲ್ಟ್ ಅಡಾಪ್ಟರ್, ಅದರ ಮುಂದೆ 7809 (ವೋಲ್ಟೇಜನ್ನು 9ಕ್ಕೆ ಹಿಡಿದಿಡುವ ರೆಗ್ಯುಲೇಟರ್). ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಯಾಕೆ 50

ಆಧಾರ ಸ್ವರ ಎಷ್ಟಿರಬೇಕು ಅನ್ನೋದು ಮೊದಲು ಸಿ-ಶಾರ್ಪೋ ಡಿಯೋ ಅನ್ನೋ ಯೋಚನೆಯಲ್ಲೇ ಇತ್ತು. ಆದರೆ ಹೆಡ್‌ಫೋನ್ ಹಾಕಿಕೊಂಡು ಮನೆಯ ಸದ್ದು ಕೇಳಿದರೆ ಮನೆಗೆ ಆಗಲೇ ಒಂದು ಶ್ರುತಿ ಇದೆ. ಫ್ರಿಜ್ಜು, ಯುಪಿಎಸ್ಸು, ಟ್ಯೂಬ್‌ಲೈಟಿನ ಹಳೇ ಚೋಕು, ಬೀದಿಯ ಟ್ರಾನ್ಸ್‌ಫಾರ್ಮರ್ರು, ಎಲ್ಲದರದ್ದೂ 100 ಹರ್ಟ್ಸ್‌ನ ಗುಂಯ್. ಕರೆಂಟು 50 ಹರ್ಟ್ಸ್ ಆದ್ದರಿಂದ ಚೋಕು, ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣದ ಪಟ್ಟಿ ಸೆಕೆಂಡಿಗೆ ನೂರು ಸಲ ನಡುಗುತ್ತೆ. ರೆಕಾರ್ಡಿಂಗ್‌ನಲ್ಲಿ ಎಷ್ಟೇ ಶೀಲ್ಡ್ ಮಾಡಿದರೂ ಇದು ಒಂದಿಷ್ಟು ನುಸುಳುತ್ತೆ. ನನ್ನ ಸ್ವರ 104 ಇದ್ದರೆ ಅದರ ಜೊತೆ ಸೆಕೆಂಡಿಗೆ ನಾಲ್ಕು ಸಲ ಗುದ್ದಾಡುತ್ತೆ. ಓಡಿಸೋಕೆ ಆಗದಿದ್ದವನನ್ನು ಮೇಳಕ್ಕೆ ಸೇರಿಸಿಕೊಳ್ಳುವುದೇ ಸರಿ ಅನ್ನಿಸಿತು.

ಈ ಉಪಾಯ ಹಳೆಯದು. ಅಮೆರಿಕದ ಸಂಗೀತ ಸಂಯೋಜಕ ಲಾ ಮಾಂಟೆ ಯಂಗ್ 1960ರ ದಶಕದಲ್ಲೇ ನ್ಯೂಯಾರ್ಕ್‌ನಲ್ಲಿ ತಮ್ಮ ಮೇಳವನ್ನು ಅಮೆರಿಕದ 60 ಹರ್ಟ್ಸ್ ಕರೆಂಟಿನ ಗುಂಯ್‌ಗೆ ಕೂಡಿಸಿಕೊಂಡಿದ್ದರು. ಮುಂದೆ 1970ರಲ್ಲಿ ಅವರು ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾಣೆಯವರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಂದ ನಮ್ಮ ಧಾರವಾಡದ ಕಡೆ ಮನೆಮಾತಾದ ಅದೇ ಕಿರಾಣಾ. ಸ್ವರವೊಂದನ್ನು ಹಿಡಿದು ಅದರೊಳಗೆ ಇಳಿಯುವ ಆ ಹುಚ್ಚು ಎರಡೂ ಕಡೆ ಒಂದೇ.

ಇನ್ನು ನಮ್ಮ ವಿದ್ಯುತ್ ಗ್ರಿಡ್‌ನಲ್ಲಿ ಒಂದು ಮಜಾ ಇದೆ. 50 ಹರ್ಟ್ಸ್ ಅಂದರೆ ಸರಿಯಾಗಿ 50 ಅಲ್ಲ. 49.90ರಿಂದ 50.05ರ ಒಳಗೆ ಇರಬೇಕು ಅನ್ನೋದು ಗ್ರಿಡ್ ನಿಯಮ. ಬೇಡಿಕೆ ಏರಿದರೆ ಕೆಳಗೆ ಜಾರುತ್ತೆ, ಇಳಿದರೆ ಮೇಲೆ ಬರುತ್ತೆ. ದಕ್ಷಿಣದ ಗ್ರಿಡ್ 2013ರ ಡಿಸೆಂಬರ್ 31ರಂದು ಉಳಿದ ಗ್ರಿಡ್‌ಗೆ ಸೇರಿಕೊಂಡಿತು. ಅಲ್ಲಿಂದ ಇಡೀ ದೇಶಕ್ಕೆ ಒಂದೇ ಶ್ರುತಿ, ಅದೂ ಒಂಚೂರು ಅಲೆಯುವ ಶ್ರುತಿ. ಬೀಟ್ ಹುಟ್ಟಿಸೋಕೆ ಇದಕ್ಕಿಂತ ಒಳ್ಳೆ ಜೊತೆಗಾರ ಎಲ್ಲಿ ಸಿಗಬೇಕು?

ಹಾಗಾಗಿ ಆರನೇ ದನಿ ಅಂತ ಗೋಡೆಯ ಪ್ಲಗ್ಗನ್ನೇ ಸೇರಿಸಿದೆ. 6 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್, ಅದರ ಸೆಕೆಂಡರಿಗೆ ನಾಲ್ಕು ಡಯೋಡಿನ ಬ್ರಿಡ್ಜ್, ಫಿಲ್ಟರ್ ಕೆಪಾಸಿಟರ್ ಹಾಕದೆ ಹಾಗೇ 1 ಕೆ ಲೋಡ್. ಅಲ್ಲಿ ಬರೋದು 100 ಹರ್ಟ್ಸ್‌ನ ಗೂನುಗೂನಾದ ಅಲೆ. ಅದನ್ನು ತಗ್ಗಿಸಿ ಮಿಕ್ಸರ್‌ಗೆ ಕೊಟ್ಟೆ. 230 ವೋಲ್ಟ್ ಬದಿಯ ತಂತಿಗಳೆಲ್ಲ ಬೇರೆ ಪ್ಲಾಸ್ಟಿಕ್ ಡಬ್ಬದೊಳಗೆ, ಫ್ಯೂಸ್ ಸಮೇತ. ಡ್ರೋನ್ ಡಬ್ಬಕ್ಕೆ ಬರೋದು ಸೆಕೆಂಡರಿ ಮಾತ್ರ. ಮೇನ್ಸ್ ಮುಟ್ಟಿ ಅಭ್ಯಾಸ ಇಲ್ಲದವರು ಈ ಭಾಗ ಬಿಟ್ಟುಬಿಡಿ, ಐದು ದನಿಯೇ ಧಾರಾಳ.

ಉಳಿದ ಐದರ ಜಾಗ: 50, 53.3, 100, 100.2, 150. 150 ಅಂದರೆ 100ಕ್ಕೆ ಪಂಚಮ. 50ರ ಮೂರನೇ ಪಟ್ಟೂ ಅದೇ 150, ಹಾಗಾಗಿ ಅಲ್ಲೂ ಒಂದು ಬೀಟ್ ಪುಕ್ಕಟೆ ಸಿಗುತ್ತೆ. 53.3 ಮಾತ್ರ ಬೇರೆ ಜಾತಿ. ಅದು 50ಕ್ಕೆ ಕರ್ನಾಟಕ ಸಂಗೀತದ ಶುದ್ಧ ರಿಷಭ, 15ಕ್ಕೆ 16ರ ಲೆಕ್ಕ. ಷಡ್ಜದ ಜೊತೆ ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಗುದ್ದುತ್ತೆ. ಕತ್ತಲೆ ಬೇಕಾದಾಗ ಇದರ ವಾಲ್ಯೂಮ್ ಸ್ವಲ್ಪ ತೆರೆದರೆ ಸಾಕು, ಹೊಟ್ಟೆಯೊಳಗೆ ಏನೋ ಕದಲಿದ ಹಾಗಾಗುತ್ತೆ. 50 ಮತ್ತು 53.3ಕ್ಕೆ ಕೆಪಾಸಿಟರ್ 0.22, ಉಳಿದವಕ್ಕೆ 0.1.

ಶ್ರುತಿ ಮಾಡೋಕೆ ಮನೆಯ ಎಲೆಕ್ಟ್ರಾನಿಕ್ ತಂಬೂರಿ ಉಪಯೋಗಕ್ಕೆ ಬಂತು. ಪಂಚಮ ಕೂಡಿಸುವಾಗ ಕಿವಿಗೆ ಒಂದು ಆಸರೆ ಬೇಕಾಗುತ್ತೆ. ಈ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ಮಾಡಿದವರು ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್. ಡ್ರೋನ್ ಸಿಂಥ್ ಅಂತ ಈಗ ಹೊರದೇಶದಲ್ಲಿ ದುಬಾರಿ ದುಡ್ಡಿಗೆ ಮಾರುವ ಡಬ್ಬಗಳನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತೆ. ನಮ್ಮೂರಿನ ಸಂಗೀತ ಪಾಠದ ಮನೆಗಳಲ್ಲಿ ಅದು ದೇವರ ಪಟದ ಪಕ್ಕ ಕೂತು ಎಷ್ಟೋ ವರ್ಷ ಆಯಿತು.

ಎರಡು ನಿಮಿಷದ ನಾಬ್

ಆರೂ ದನಿ ಒಂದೊಂದು ವಾಲ್ಯೂಮ್ ಪಾಟ್ ದಾಟಿ, 100 ಕೆ ರೆಸಿಸ್ಟರ್ ಮೂಲಕ ಟಿಎಲ್072 ಆಪ್-ಆಂಪ್ (ದನಿಗಳನ್ನು ಕೂಡಿಸಿ ಹಿಗ್ಗಿಸುವ, ತಗ್ಗಿಸುವ ಚಿಪ್ಪು) ಒಂದರ ಅರ್ಧಕ್ಕೆ ಸೇರುತ್ತವೆ. ಫೀಡ್‌ಬ್ಯಾಕ್ 22 ಕೆ. 9 ವೋಲ್ಟಿನ ಚೌಕ ಅಲೆಗಳು ಐದು ಸೇರಿದರೆ ಸುಮ್ನೆ ಬಿಟ್ಟರೆ ಕ್ಲಿಪ್ ಆಗುತ್ತೆ, ಅದಕ್ಕೇ ಅಷ್ಟು ತಗ್ಗಿಸಿದ್ದು. ಜೋಡಿ ಆಸಿಲೇಟರ್‌ಗಳಲ್ಲಿ ಒಂದನ್ನು ಇನ್ನೊಂದರ ಅರ್ಧದಷ್ಟು ಇಟ್ಟರೆ ಬೀಟ್ ಬಿದ್ದಾಗಲೂ ಸದ್ದು ಪೂರ್ತಿ ಮಾಯ ಆಗಲ್ಲ. ಎರಡೂ ಸಮ ಇದ್ದರೆ ಒಂದು ಕ್ಷಣ ಪೂರಾ ಮೌನ. ಆ ಮೌನ ಎರಡನೇ ಮಗ್ಗಲಿಗೆ ಬೇಕಾಗುತ್ತೆ, ಆಮೇಲೆ ಹೇಳ್ತೀನಿ.

ಫಿಲ್ಟರ್‌ಗೆ ಎರಡು ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ರೆಸಿಸ್ಟೆನ್ಸ್ ಇಳಿಯುವ ರೆಸಿಸ್ಟರ್), ಎರಡು 22 ನ್ಯಾನೋಫ್ಯಾರಡ್ ಕೆಪಾಸಿಟರ್. ಎಲ್‌ಡಿಆರ್ ಮೇಲೆ ಬೆಳಕು ಬಿದ್ದು ಅದರ ರೆಸಿಸ್ಟೆನ್ಸ್ 5 ಕೆ ಆದಾಗ ಫಿಲ್ಟರ್ 1,400 ಹರ್ಟ್ಸ್ ಹತ್ತಿರ ತೆರೆದಿರುತ್ತೆ. 100 ಕೆ ಆದಾಗ 70 ಚಿಲ್ಲರೆಗೆ ಮುಚ್ಚುತ್ತೆ. ಹಳದಿ ಎಲ್‌ಇಡಿ ಒಂದರ ಎದುರು ಎರಡೂ ಎಲ್‌ಡಿಆರ್ ಮುಖ ಮಾಡಿ ಕೂರಿಸಿ, ಕಪ್ಪು ಹೀಟ್‌ಶ್ರಿಂಕ್ ಹಾಕಿ, ಲೈಟರ್ ಹಿಡಿದು ಬಿಗಿ ಮಾಡಿದೆ. ಎರಡೂ ತುದಿಗೆ ಕಪ್ಪು ಟೇಪ್. ಇದನ್ನು ಮೀಟರ್‌ಗೆ ಹಾಕಿ ನೋಡುತ್ತಾ ಕೂರುವುದೇ ಒಂದು ಖುಷಿ. ಎಲ್‌ಇಡಿ ಹತ್ತಿಸಿದರೆ ಥಟ್ ಅಂತ ಇಳಿಯುತ್ತೆ. ಆರಿಸಿದರೆ ಮಾತ್ರ ಕತ್ತಲಿಗೆ ಕಣ್ಣು ಹೊಂದಿಕೊಂಡ ಹಾಗೆ ನಿಧಾನಕ್ಕೆ ಏರುತ್ತೆ.

ಆ ನಿಧಾನ ಸಾಲದು ಅನ್ನಿಸಿತು. ನಾಬ್ ಮತ್ತು ಎಲ್‌ಇಡಿ ನಡುವೆ 1 ಮೆಗ್ ರೆಸಿಸ್ಟರ್, ಅದರಾಚೆ ನೆಲಕ್ಕೆ 47 ಮೈಕ್ರೋಫ್ಯಾರಡ್ ಹಾಕಿ, ಎಲ್‌ಎಂ358 ಆಪ್-ಆಂಪ್ ಬಫರ್ ಮೂಲಕ 1 ಕೆ ದಾಟಿಸಿ ಎಲ್‌ಇಡಿಗೆ ಕೊಟ್ಟೆ. 1 ಮೆಗ್ ಗುಣಿಸು 47 ಅಂದರೆ 47 ಸೆಕೆಂಡು. ನಾಬ್ ತಿರುಗಿಸಿದರೆ ಫಿಲ್ಟರ್ ಅಲ್ಲಿಗೆ ಹೆಚ್ಚುಕಮ್ಮಿ ತಲುಪೋಕೆ ಎರಡು ನಿಮಿಷದ ಮೇಲೆ ಬೇಕು. ಇಲ್ಲಿ ಟಿಎಲ್072 ಹಾಕಬೇಡಿ, ಸಿಂಗಲ್ ಸಪ್ಲೈನಲ್ಲಿ ಅದರ ಇನ್‌ಪುಟ್ ನೆಲದ ತನಕ ಇಳಿಯಲ್ಲ. 358 ಇಳಿಯುತ್ತೆ. 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಳೇ ಸ್ಟಾಕ್ ಆಗಿದ್ದರೆ ಅದು ಒಳಗೊಳಗೇ ಸೋರಿ ಎಲ್‌ಇಡಿ ಪೂರ್ತಿ ಬೆಳಗುವುದೇ ಇಲ್ಲ, ಹೊಸದು ಹಾಕಿ.

ಈ ನಾಬ್ ಜೊತೆ ಬಾಳೋಕೆ ಸ್ವಲ್ಪ ಸಮಯ ಹಿಡಿಯುತ್ತೆ. ತಿರುಗಿಸಿದ ತಕ್ಷಣ ಏನೂ ಆಗಲ್ಲ. ಕೆಟ್ಟುಹೋಯ್ತಾ ಅಂತ ಇನ್ನೊಂಚೂರು ತಿರುಗಿಸಬೇಕು ಅನ್ನಿಸುತ್ತೆ. ಕೈ ಕಟ್ಟಿ ಕೂರಬೇಕು.

ಡೆಕ್ಕು

ಟೇಪ್ ಡೆಕ್ ಸಂಡೇ ಬಜಾರಿನದು. ಪ್ಲೇ ಒತ್ತಿದರೆ ಮೋಟರ್ ಸದ್ದು ಬರುತ್ತೆ, ಚಕ್ರ ತಿರುಗಲ್ಲ. ಮುಚ್ಚಳ ಬಿಚ್ಚಿದರೆ ನಿರೀಕ್ಷೆಯಂತೆ ಬೆಲ್ಟು ಕರಗಿ ಡಾಂಬರಾಗಿತ್ತು. ಫ್ಲೈವೀಲ್‌ನ ಅಂಚಿಗೆ, ಮೋಟರ್ ಪುಲ್ಲಿಗೆ, ಕೆಳಗಿನ ತಗಡಿಗೆ ಎಲ್ಲಾ ಕಡೆ ಮೆತ್ತಿಕೊಂಡಿತ್ತು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಮತ್ತು ಹತ್ತಿ ಕಡ್ಡಿ ಹಿಡಿದು ಕೂತರೆ ಹೋಗುತ್ತೆ, ಆದರೆ ಕಡ್ಡಿ ಪೊಟ್ಟಣ ಖಾಲಿಯಾಗೋದು ಗ್ಯಾರಂಟಿ. ಪುಲ್ಲಿಯ ತೋಡಿನೊಳಗೆ ಒಂದು ಚೂರು ಉಳಿದರೂ ಪ್ರತಿ ಸುತ್ತಿಗೆ ಸ್ವರ ಕುಂಟುತ್ತೆ, ಆದ್ದರಿಂದ ಹಲ್ಲುಕಡ್ಡಿಯ ಮೊನೆಗೆ ಬಟ್ಟೆ ಸುತ್ತಿ ಆ ತೋಡನ್ನೂ ಒರೆಸಿದೆ. ಹೊಸ ಬೆಲ್ಟಿಗೆ ಅಳತೆ: ಬೆಲ್ಟ್ ಓಡುವ ದಾರಿಯಲ್ಲಿ ದಾರ ಸುತ್ತಿ ಅಳೆದು, ಅದಕ್ಕಿಂತ ಶೇ. 5ರಷ್ಟು ಚಿಕ್ಕದು. ಪಿಂಚ್ ರೋಲರ್ (ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ) ಗಟ್ಟಿಯಾಗಿ ಹೊಳೀತಿತ್ತು, ಅದನ್ನೂ ಬದಲಿಸಿದೆ. ಹೆಡ್ ಒರೆಸಿ ಡಿಮ್ಯಾಗ್ನೆಟೈಸ್ ಮಾಡಿದೆ.

ಡ್ರೋನ್ ರೆಕಾರ್ಡ್ ಮಾಡುವವರು ಟೇಪಿನ ಅಲುಗಾಟಕ್ಕೆ ಹೆದರುತ್ತಾರೆ. ವೇಗ ಶೇ. 0.2 ಆಚೀಚೆ ಆದರೆ 100 ಹರ್ಟ್ಸ್ ಸ್ವರ 0.2 ಹರ್ಟ್ಸ್ ಜಾರುತ್ತೆ. ಅಂದರೆ ನನ್ನ ಬೀಟ್‌ನಷ್ಟೇ! ಆದರೆ ಲೆಕ್ಕ ಹಾಕಿದರೆ ಹೆದರಿಕೆ ಕಮ್ಮಿಯಾಗುತ್ತೆ. ಟೇಪ್ ಜಾರಿದಾಗ ಎಲ್ಲಾ ಸ್ವರವೂ ಒಟ್ಟಿಗೆ ಜಾರುತ್ತೆ. 100 ಮತ್ತು 100.2 ಎರಡೂ ಒಂದೇ ಪ್ರಮಾಣದಲ್ಲಿ ಅಲುಗುವುದರಿಂದ ಅವುಗಳ ನಡುವಿನ ಬೀಟ್ ಹಾಗೇ ಉಳಿಯುತ್ತೆ. ತೊಂದರೆ ಬರೋದು ಟೇಪಿನ ಸದ್ದನ್ನು ಬದುಕಿರುವ ಸದ್ದಿನ ಜೊತೆ ಸೇರಿಸಿದಾಗ. ಎರಡನೇ ಮಗ್ಗಲಿಗೆ ನನಗೆ ಬೇಕಾಗಿದ್ದೂ ಆ ತೊಂದರೆಯೇ.

ಎರಡು ಮಗ್ಗಲು

ಎ ಮಗ್ಗಲಿಗೆ ಡಬ್ಬ ಒಂದೇ. ಡಾಲ್ಬಿ (ಟೇಪಿನ ಹಿಸ್ ತಗ್ಗಿಸುವ ಸ್ವಿಚ್ಚು) ಆಫ್, ಸಾಧಾರಣ ಫೆರಿಕ್ ಟೇಪು. ರೂಮಿನ ಫ್ಯಾನ್ ರೆಗ್ಯುಲೇಟರ್ ಆಫ್ ಮಾಡಲೇಬೇಕು. 100 ಹರ್ಟ್ಸ್ ಗುಂಯ್ ನಮ್ಮವನೇ, ಆದರೆ ರೆಗ್ಯುಲೇಟರ್‌ನ ಝರಝರ ಬೇರೆಯವನು. ಮೊದಲು 50 ಮತ್ತು ಪ್ಲಗ್ಗಿನ ದನಿ ಮಾತ್ರ, ಫಿಲ್ಟರ್ ಮುಚ್ಚಿ. ಆಮೇಲೆ 100ರ ಜೋಡಿ. ಪಂಚಮ ಬರೋ ಹೊತ್ತಿಗೆ ಅರ್ಧ ಟೇಪ್ ಕಳೆದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಡೆಕ್ಕೂ ಡಬ್ಬವೂ ಯುಪಿಎಸ್ ಮೇಲೆ ಇದ್ದವು, ನಿಲ್ಲಲಿಲ್ಲ. ಆದರೆ ಆರನೇ ದನಿಯ ಗಂಟಲು ಥಟ್ಟನೆ ಒರಟಾಯಿತು. ಯುಪಿಎಸ್ ಕೊಡುವ ಅಲೆ ಗುಂಡಗಿರಲ್ಲ, ಮೂಲೆಮೂಲೆ. ಅದರ ಆವರ್ತನವೂ ಗ್ರಿಡ್‌ಗಿಂತ ಬೇರೆ. ಇಡೀ ಸದ್ದಿನ ಬೀಟ್ ಒಮ್ಮೆಲೇ ಬದಲಾಯಿತು. ಅದನ್ನು ಅಳಿಸಲಿಲ್ಲ. ಇಡೀ ಮಗ್ಗಲಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದೇ. ಅಲ್ಲಿಗೇ ರಿಷಭವನ್ನೂ ತೆರೆದೆ.

ಸ್ಪೀಕರ್ ಇಟ್ಟು ಕೇಳುವಾಗ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಹತ್ತಿರ ಬಂದು ಕೂಗಿದರು: "ಏನಪ್ಪಾ, ಮೋಟ್ರು ಆಫ್ ಮಾಡೋದು ಮರ್ತ್ಯಾ? ಟ್ಯಾಂಕ್ ತುಂಬಿ ಹರಿಯುತ್ತೆ ನೋಡು." "ಮೋಟ್ರಲ್ಲ ಅಜ್ಜಿ, ಶ್ರುತಿ ಪೆಟ್ಟಿಗೆ" ಅಂದೆ. "ಹಾಗಾದ್ರೆ ಹಾಡೋರೆಲ್ಲಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಿ ಮಗ್ಗಲಿಗೆ ಟೇಪ್ ಲೂಪ್, ಅಂದರೆ ಎರಡೂ ತುದಿ ಅಂಟಿಸಿ ಉಂಗುರ ಮಾಡಿದ, ಸುತ್ತುತ್ತಲೇ ಇರುವ ಟೇಪಿನ ತುಂಡು. ಕ್ಯಾಸೆಟ್ ಶೆಲ್ ಒಂದನ್ನು ಬಿಚ್ಚಿ, ಒಳಗೆ ರೋಲರ್, ಚಕ್ರ ಸುತ್ತಿ ಬರುವ ದಾರಿಯನ್ನು ದಾರದಲ್ಲಿ ಅಳೆದರೆ ಸುಮಾರು 24 ಸೆಂಟಿಮೀಟರ್. ಕ್ಯಾಸೆಟ್ ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಅಂದರೆ ಲೂಪ್ ಒಂದು ಸುತ್ತಿಗೆ ಐದು ಸೆಕೆಂಡು. ನನ್ನ ಬೀಟೂ ಐದು ಸೆಕೆಂಡು!

ಲೂಪಿನಲ್ಲಿ ಎಲ್ಲರಿಗೂ ತಲೆನೋವು ಅಂಟು ಹಾಕಿದ ಜಾಗ. ಅಲ್ಲಿ ಪ್ರತಿ ಸುತ್ತಿಗೂ ಟಪ್ ಅನ್ನುತ್ತೆ. ಇಲ್ಲಿ ಆ ಮೌನ ಕೆಲಸಕ್ಕೆ ಬರುತ್ತೆ. 100 ಮತ್ತು 100.2 ಎರಡನ್ನೂ ಸಮ ವಾಲ್ಯೂಮ್ ಇಟ್ಟು, ಫೋನಿನ ಸ್ಟಾಪ್‌ವಾಚ್ ಹಿಡಿದು ಹತ್ತು ಬೀಟ್ ಎಣಿಸಿ 50 ಸೆಕೆಂಡಿಗೆ ಹೊಂದಿಸಿದೆ. ಎರಡು ಚೌಕ ಅಲೆ ಪೂರ್ತಿ ಎದುರುಬದುರಾದಾಗ ಮೂಲ ಸ್ವರ ಮಾತ್ರ ಅಲ್ಲ, 3, 5, 7ನೇ ಪಟ್ಟುಗಳೂ ಅದೇ ಗಳಿಗೆಗೆ ಒಂದನ್ನೊಂದು ಅಳಿಸುತ್ತವೆ. ಅಂದರೆ ಬೀಟ್‌ನ ತಳದಲ್ಲಿ ಏನೂ ಉಳಿಯಲ್ಲ. ಸಾಧಾರಣ ಕ್ಯಾಸೆಟ್ಟಿನಲ್ಲಿ ಇದನ್ನು ರೆಕಾರ್ಡ್ ಮಾಡಿ, ಪ್ಲೇ ಮಾಡುತ್ತಾ ಸದ್ದು ತಳ ಮುಟ್ಟಿದ ಕಡೆ ನಿಲ್ಲಿಸಿ, ಕ್ಯಾಸೆಟ್ಟಿನ ಕಿಟಕಿಯ ಮಧ್ಯೆ ಹೆಡ್ ತಾಗುವ ಜಾಗದಲ್ಲಿ ಟೇಪಿನ ಬೆನ್ನಿಗೆ ಬಿಳಿ ಪೆನ್ಸಿಲ್ ಗೆರೆ ಎಳೆದೆ. ಮುಂದಿನ ತಳಕ್ಕೆ ಇನ್ನೊಂದು. ಎರಡು ಗೆರೆಯ ನಡುವೆ ಸ್ಕೇಲ್ ಇಟ್ಟರೆ 24ಕ್ಕೆ ಕೂದಲೆಳೆ ಕಮ್ಮಿ. ಅಲ್ಲಿ 45 ಡಿಗ್ರಿ ಕತ್ತರಿಸಿ, ಬೆನ್ನಿಗೆ ಸ್ಪ್ಲೈಸಿಂಗ್ ಟೇಪ್ ಹಾಕಿ, ಅಂಚು ಬ್ಲೇಡಿನಲ್ಲಿ ಸವರಿದೆ. ಸೆಲ್ಲೋಟೇಪ್ ಹಾಕಬೇಡಿ, ಗೋಂದು ಜಿನುಗಿ ಹೆಡ್‌ಗೆ ಅಂಟುತ್ತೆ. ಟೇಪ್ ಸಿ-60ದೇ ಇರಲಿ. ಸಿ-90ರದು ತೆಳು, ಲೂಪಿನಲ್ಲಿ ಮಡಚಿಕೊಳ್ಳುತ್ತೆ.

ಲೂಪನ್ನು ಹಳೇ ವಾಕ್‌ಮನ್ ಒಂದರಲ್ಲಿ ಓಡಿಸಿ ಮಿಕ್ಸರ್‌ಗೆ ಕೊಟ್ಟೆ. ಅಂಟಿನ ಟಪ್ ಮೌನದಲ್ಲಿ ಬೀಳುವುದರಿಂದ ಫಿಲ್ಟರ್ ದಾಟಿ ಬರುವಾಗ ಏನೂ ಕೇಳಿಸಲ್ಲ. ವಾಕ್‌ಮನ್ ವೇಗ ಸರಿ ಇಲ್ಲ, ಜೊತೆಗೆ ಅಲುಗುತ್ತೆ. ಹಾಗಾಗಿ ಲೂಪಿನ 100 ಡಬ್ಬದ 100ರ ಜೊತೆ ಯಾವತ್ತೂ ಒಂದೇ ಥರ ಸೇರಲ್ಲ. ಬೀಟ್ ಒಮ್ಮೆ ಎರಡು ಸೆಕೆಂಡು, ಒಮ್ಮೆ ಮೂರು, ಒಮ್ಮೆ ಕಾಣದೇ ಹೋಗಿ ವಾಪಸ್ ಬರುತ್ತೆ. ಎ ಮಗ್ಗಲು ಗಡಿಯಾರದ ಹಾಗೆ ಸ್ಥಿರ, ಬಿ ಮಗ್ಗಲಿಗೆ ನೆಲ ಇಲ್ಲ. ಕೇಳಿದ ಗೆಳೆಯರಲ್ಲಿ ಜಾಸ್ತಿ ಜನ ಎ ಇಷ್ಟಪಟ್ಟರು. ನನ್ನ ಮತ ಬಿಗೆ.

ಇನ್ನು ಬಾಕಿ ಇರೋದು: 150ರ ಚಿಪ್ಪು ಉಳಿದವಕ್ಕಿಂತ ಬೇರೆ ಕಂಪನಿಯದು, ಬಿಸಿಗೆ ಬೇರೆ ದಾರಿ ಹಿಡಿಯುತ್ತೆ, ಅದನ್ನು ಬದಲಿಸಬೇಕು. ಡಬ್ಬ ಸದ್ಯಕ್ಕೆ ಅಲ್ಯೂಮಿನಿಯಂ, ಮುಚ್ಚಳ ನೆಲಕ್ಕೆ ಕಟ್ಟಿದೆ, ಆದರೆ ಟ್ರಿಮ್‌ಪಾಟ್ ತಲುಪೋಕೆ ಪ್ರತಿ ಸಲ ನಾಲ್ಕು ಸ್ಕ್ರೂ ಬಿಚ್ಚಬೇಕು. ಐದು ಸಣ್ಣ ತೂತು ಕೊರೆದರೆ ಮುಗೀತು. ಮುಂದಿನ ಕ್ಯಾಸೆಟ್ಟಿಗೆ 53.3ರ ಜಾಗದಲ್ಲಿ ಬೇರೆ ಸ್ವರ ಇಡುವ ಯೋಚನೆ ಇದೆ, ಅದಕ್ಕೆ ಆ ತೂತು ಬೇಕೇ ಬೇಕು.